ಸ್ಕೋಪ್ ಸ್ಕ್ರೂ ಎಷ್ಟು ಬಿಗಿ ಇರಬೇಕು? ಪ್ರೀಸೆಟ್ ಟಾರ್ಕ್ ಡ್ರೈವರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ (ಗೋಣಿಕೊಪ್ಪದಿಂದ): ಸರ್, ನನ್ನ ಹತ್ತಿರ ಲೈಸೆನ್ಸ್ ಇರುವ .22 ರೈಫಲ್ ಇದೆ. ಹೊಸದಾಗಿ 30 ಎಂಎಂ ಟ್ಯೂಬಿನ ಸ್ಕೋಪ್ ತೆಗೆದುಕೊಂಡಿದ್ದೇನೆ. ಹಳೆ ಸ್ಕೋಪನ್ನು ಅಲೆನ್ ಕೀ ಹಿಡಿದು ಕೈ ಅಂದಾಜಿನಲ್ಲೇ ಬಿಗಿ ಮಾಡಿದ್ದೆ. ಈಗ ಅಂಗಡಿಯವರು 15 ಇಂಚ್-ಪೌಂಡಿಗೆ ಸೆಟ್ ಆಗಿರುವ ಟಾರ್ಕ್ ಡ್ರೈವರ್ ತಗೊಳ್ಳಿ ಅನ್ನುತ್ತಿದ್ದಾರೆ. ಅದು ನಿಜವಾಗಿ ಬೇಕಾ, ಇಲ್ಲಾ ಸುಮ್ನೆ ಮಾರೋದಕ್ಕೆ ಹೇಳ್ತಾರಾ?

ಉತ್ತರ: ಬೇಕು. ಟಾರ್ಕ್ ಅಂದರೆ ಸ್ಕ್ರೂ ತಿರುಗಿಸುವ ಬಲ. ಪ್ರೀಸೆಟ್ ಡ್ರೈವರ್ ಮೊದಲೇ ಸೆಟ್ ಮಾಡಿದ ಟಾರ್ಕ್ ಮುಟ್ಟಿದ ಕೂಡಲೇ ಕ್ಲಿಕ್ ಅನ್ನುತ್ತೆ. ಕೈ ಅಂದಾಜು ಎಲ್ಲಿ ತಪ್ಪುತ್ತೆ ಅಂತ ಲೆಕ್ಕದಲ್ಲೇ ತೋರಿಸುತ್ತೇನೆ. 15 ಇಂಚ್-ಪೌಂಡ್ ಅಂದರೆ ಸುಮಾರು 17.3 ಕೆಜಿ-ಸೆಂಟಿಮೀಟರ್. ಅಲೆನ್ ಕೀಯನ್ನು ಸ್ಕ್ರೂವಿನಿಂದ 5 ಸೆಂ.ಮೀ. ದೂರದಲ್ಲಿ ಹಿಡಿದು ಬೆರಳಿನಿಂದ ಮೂರೂವರೆ ಕೆಜಿಯಷ್ಟು ಒತ್ತಿದರೆ ಅಷ್ಟಕ್ಕೆ ಬಂತು. ಅದೇ ಒತ್ತಡವನ್ನು 8 ಸೆಂ.ಮೀ. ದೂರದಲ್ಲಿ ಹಾಕಿದರೆ 24 ಇಂಚ್-ಪೌಂಡ್ ದಾಟುತ್ತೆ. ನಿಮ್ಮ ಕೈಗೆ ಎರಡೂ ಒಂದೇ ಥರ ಅನ್ನಿಸುತ್ತೆ. ಮೊದಲ ಸ್ಕ್ರೂ ಬಿಗಿ ಮಾಡಿದ ಕೈಯೂ ಎಂಟನೇ ಸ್ಕ್ರೂ ಹೊತ್ತಿಗೆ ಸುಸ್ತಾಗಿರುತ್ತೆ, ಅದು ಬೇರೆ ಮಾತು.

ಸ್ಕೋಪ್ (ಗುರಿ ನೋಡುವ ದುರ್ಬೀನು) ಬಂದೂಕಿನ ಮೇಲೆ ನಿಲ್ಲೋದು ರಿಂಗುಗಳಲ್ಲಿ, ಅಂದರೆ ಅದರ ಟ್ಯೂಬನ್ನು ಅಪ್ಪಿ ಹಿಡಿಯುವ ಬಳೆಗಳಲ್ಲಿ. ಆ ಟ್ಯೂಬ್ ಅಲ್ಯೂಮಿನಿಯಂದು, ಗೋಡೆ ತೆಳು. ಜಾಸ್ತಿ ಬಿಗಿ ಮಾಡಿದರೆ ಮೊದಲು ಕಾಣೋದು ಗೀರು ಅಥವಾ ತಗ್ಗು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗಲ್ಲ. ಮೊದಲು ಝೂಮ್ ರಿಂಗ್ ತಿರುಗಿಸೋದು ಗಟ್ಟಿಯಾಗುತ್ತೆ. ಟರೆಟ್‌ನಲ್ಲಿ (ಗುರಿ ಸರಿಸುವ ತಿರುಗುಗುಂಡಿ) ನಾಲ್ಕು ಕ್ಲಿಕ್ ತಿರುಗಿಸಿದರೆ ಗುರಿ ಎರಡೇ ಕ್ಲಿಕ್ಕಿನಷ್ಟು ಸರಿಯುತ್ತೆ, ಒಂದು ಗುಂಡು ಹಾರಿಸಿದ ಮೇಲೆ ಉಳಿದದ್ದು ಸರಿಯುತ್ತೆ. ಒಳಗಿನ ಸಣ್ಣ ಟ್ಯೂಬಿಗೆ ಅಲುಗಾಡಲು ಜಾಗ ಇಲ್ಲದಿದ್ದರೆ ಹೀಗಾಗುತ್ತೆ. ಜನ ಸ್ಕೋಪ್ ಕೆಟ್ಟಿದೆ ಅಂತ ವಾಪಸ್ ತರುತ್ತಾರೆ. ರಿಂಗ್ ಸಡಿಲ ಮಾಡಿದ ಕೂಡಲೇ ಸರಿಹೋಗುವ ಸ್ಕೋಪುಗಳು ನನ್ನ ಬೆಂಚಿಗೆ ಬರುತ್ತಲೇ ಇರುತ್ತವೆ.

ಇನ್ನೊಂದು ವಿಷಯ. 15 ಅನ್ನೋದು ಎಲ್ಲ ರಿಂಗಿಗೂ ಹೊಂದುವ ನಂಬರ್ ಅಲ್ಲ. ವೋರ್ಟೆಕ್ಸ್‌ನವರು ರಿಂಗಿನ ಮೇಲಿನ ಸ್ಕ್ರೂಗಳಿಗೆ 15ರಿಂದ 18 ಅನ್ನುತ್ತಾರೆ. ವಾರ್ನ್ ಕಂಪನಿಯವರು ತಮ್ಮ ರಿಂಗಿಗೆ 25 ಅನ್ನುತ್ತಾರೆ, ಅವರು ಮಾರುವ ಪ್ರೀಸೆಟ್ ಟೂಲ್ ಕೂಡ 25ಕ್ಕೇ ಸೆಟ್ ಆಗಿರುತ್ತೆ. ಆದ್ದರಿಂದ ಮೊದಲು ರಿಂಗಿನ ಜೊತೆ ಬಂದ ಚೀಟಿ ಓದಿ, ಆಮೇಲೆ ಟೂಲ್ ಕೊಳ್ಳಿ. ಸ್ಕೋಪಿನವರು ಒಂದು, ರಿಂಗಿನವರು ಒಂದು ಹೇಳಿದರೆ ಕಡಿಮೆ ಇರೋದನ್ನು ಹಿಡಿಯಿರಿ.

ಪ್ರಶ್ನೆ (ಬೆಂಗಳೂರಿನಿಂದ): ನಾನು ಮೆಕ್ಯಾನಿಕಲ್ ಲೈನಿನವನೇ ಸರ್. ಸ್ಕ್ರೂ ಸಡಿಲ ಆಗದಿರಲಿ ಅಂತ ರಿಂಗ್ ಸ್ಕ್ರೂಗೆ ಲಾಕ್‌ಟೈಟ್ ಹಾಕಿ, ಆಮೇಲೆ ಟೂಲಿನಲ್ಲಿ 18ಕ್ಕೆ ಬಿಗಿ ಮಾಡಿದೆ. ಸರಿ ಅಲ್ವಾ?

ಉತ್ತರ: ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಟಾರ್ಕ್ ಟೂಲ್ ಇಟ್ಟುಕೊಂಡವರೇ ಎಡವುವ ಜಾಗ ಇದು.

ಟೂಲ್ ಅಳೆಯೋದು ಸ್ಕ್ರೂ ತಿರುಗಿಸಲು ಬೇಕಾದ ಬಲವನ್ನು. ನಮಗೆ ಬೇಕಾಗಿರೋದು ರಿಂಗಿನ ಹಿಡಿತ. ಇವೆರಡೂ ಒಂದೇ ಅಲ್ಲ. ನಾವು ಹಾಕುವ ಟಾರ್ಕಿನಲ್ಲಿ ಹೆಚ್ಚುಕಮ್ಮಿ ಅರ್ಧ ಸ್ಕ್ರೂ ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತೆ. ಇನ್ನೊಂದು 40 ಪರ್ಸೆಂಟ್ ಥ್ರೆಡ್ಡಿನ ಘರ್ಷಣೆ ತಿನ್ನುತ್ತೆ. ಹಿಡಿತಕ್ಕೆ ಸಿಗೋದು 10 ಪರ್ಸೆಂಟ್ ಆಸುಪಾಸು ಮಾತ್ರ. ಈಗ ಥ್ರೆಡ್ಡಿಗೆ ಎಣ್ಣೆ ಸೇರಿ ಘರ್ಷಣೆ ಸ್ವಲ್ಪ ಕಡಿಮೆ ಆಯಿತು ಅಂದುಕೊಳ್ಳಿ. ಅಲ್ಲಿ ಉಳಿದ ಬಲ ಎಲ್ಲಿಗೆ ಹೋಗಬೇಕು? ಸೀದಾ ಹಿಡಿತಕ್ಕೆ. ಟೂಲ್ 18ಕ್ಕೇ ಕ್ಲಿಕ್ ಅಂದಿರುತ್ತೆ, ಟ್ಯೂಬ್ ಮಾತ್ರ ಅದಕ್ಕಿಂತ ಜಾಸ್ತಿ ಅದುಮಿರುತ್ತೆ.

ಲಾಕ್‌ಟೈಟ್ (ಸ್ಕ್ರೂ ಕದಲದಂತೆ ಥ್ರೆಡ್ಡಿಗೆ ಹಾಕುವ ಅಂಟು, ಅಂದರೆ ಥ್ರೆಡ್ ಲಾಕರ್) ಹಸಿ ಇರುವಾಗ ಎಣ್ಣೆಯ ಕೆಲಸವನ್ನೇ ಮಾಡುತ್ತೆ. ಅದಕ್ಕೇ ವೋರ್ಟೆಕ್ಸ್‌ನವರು 15–18 ಅನ್ನುವಾಗಲೇ ಥ್ರೆಡ್ ಲಾಕರ್ ಬೇಡ ಅಂತಲೂ ಹೇಳುತ್ತಾರೆ. ಆ ನಂಬರ್ ಒಣ ಸ್ಕ್ರೂವಿನ ಲೆಕ್ಕ. ರಿಂಗಿನ ಮೇಲಿನ ಸ್ಕ್ರೂಗಳಿಗೆ ಏನೂ ಹಾಕಬೇಡಿ. ಹೊಸ ಸ್ಕ್ರೂಗೆ ತುಕ್ಕು ಹಿಡಿಯದಿರಲಿ ಅಂತ ಫ್ಯಾಕ್ಟರಿಯವರೇ ಎಣ್ಣೆ ಸವರಿರುತ್ತಾರೆ. ಅದನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಅಸಿಟೋನ್‌ನಲ್ಲಿ ಒರೆಸಿ. ಅಸಿಟೋನ್ ಲೆನ್ಸಿಗೂ ರಬ್ಬರಿಗೂ ತಾಗದಂತೆ ನೋಡಿಕೊಳ್ಳಿ.

ಬೇಸನ್ನು (ರಿಂಗುಗಳು ಕೂರುವ ಪಟ್ಟಿ) ರೈಫಲಿಗೆ ಹಿಡಿಸುವ ಸ್ಕ್ರೂಗಳಿಗೆ ಮಾತ್ರ ಒಂದು ಹನಿ ಹಾಕಬಹುದು. ಅವನ್ನು ಪದೇ ಪದೇ ಬಿಚ್ಚುವುದಿಲ್ಲ. ನೇರಳೆ ಬಣ್ಣದ ಲಾಕ್‌ಟೈಟ್ 222 ಸಾಕು. ಕೆಂಪು ಬೇಡವೇ ಬೇಡ, ಆಮೇಲೆ ಬಿಚ್ಚಲು ಕಾಯಿಸಬೇಕಾಗುತ್ತೆ. ನೀವು ಈಗ ಹಾಕಿರೋದನ್ನು ಬಿಚ್ಚಿ, ಒರೆಸಿ, ಒಣಗಿಸಿ, 15ಕ್ಕೆ ಹಾಕಿ.

ಪ್ರಶ್ನೆ (ಡಲ್ಲಾಸ್‌ನಿಂದ): ಸರ್, ನಾನು ಟೆಕ್ಸಸ್‌ನಲ್ಲಿರುವ ಹಾಸನದವನು. ನನ್ನದು .308 ಬೋಲ್ಟ್ ರೈಫಲ್. ಫಿಕ್ಸ್ ಇಟ್ ಸ್ಟಿಕ್ಸ್ ಕಿಟ್ ತಗೊಂಡೆ. ಅದರಲ್ಲಿ 15, 25, 45, 65 ಅಂತ ನಾಲ್ಕು ಲಿಮಿಟರ್ ಇವೆ. ಯಾವುದು ಎಲ್ಲಿಗೆ?

ಉತ್ತರ: ಹಾಸನದವರಿಗೆ ನಮಸ್ಕಾರ. ಲಿಮಿಟರ್ ಅಂದರೆ ಒಂದೊಂದು ಟಾರ್ಕಿಗೆ ಸೆಟ್ ಆಗಿರುವ, ಟೂಲಿಗೆ ಸಿಕ್ಕಿಸುವ ತುಂಡು. 15 ರಿಂಗಿನ ಮೇಲಿನ ಸ್ಕ್ರೂಗಳಿಗೆ. ಆಕ್ಷನ್ (ರೈಫಲಿನಲ್ಲಿ ಬೋಲ್ಟ್ ಓಡಾಡುವ ಭಾಗ) ಸ್ಟೀಲ್ ಆಗಿದ್ದರೆ ಬೇಸ್ ಸ್ಕ್ರೂಗಳಿಗೆ ಸಾಮಾನ್ಯವಾಗಿ 20–25, ಹಾಗಾಗಿ 25ರ ಲಿಮಿಟರ್ ನಡೆಯುತ್ತೆ. ಪಿಕಾಟಿನಿ ರೈಲಿಗೆ (ಅಡ್ಡ ಸೀಳುಗಳಿರುವ ಬೇಸ್) ರಿಂಗನ್ನು ಅಡ್ಡಕ್ಕೆ ಹಿಡಿಸುವ ಬೋಲ್ಟಿನಲ್ಲಿ ಕಂಪನಿಯಿಂದ ಕಂಪನಿಗೆ ತುಂಬಾ ವ್ಯತ್ಯಾಸ ಇದೆ. ದಪ್ಪ ಸ್ಟೀಲ್ ನಟ್ ಇರುವ ಗಟ್ಟಿ ರಿಂಗುಗಳಿಗೆ 65, ಹಗುರ ಅಲ್ಯೂಮಿನಿಯಂ ರಿಂಗುಗಳಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಅಲ್ಲಿ ಚೀಟಿ ನೋಡದೆ ಕೈ ಹಾಕಬೇಡಿ. 45ರದ್ದು ಚೀಟಿಯಲ್ಲಿ ಅಷ್ಟು ಅಂತ ಇದ್ದ ಕಡೆಗೆ ಮಾತ್ರ. ಆಕ್ಷನ್ ಸ್ಕ್ರೂ, ಅಂದರೆ ರೈಫಲನ್ನು ಸ್ಟಾಕಿಗೆ (ಹೆಗಲಿಗೆ ಒತ್ತಿ ಹಿಡಿಯುವ ಮರದ ಅಥವಾ ಬೇರೆ ಹಿಡಿ) ಹಿಡಿಸುವ ಸ್ಕ್ರೂ, ಸ್ಟಾಕಿನೊಳಗೆ ಅಲ್ಯೂಮಿನಿಯಂ ಬ್ಲಾಕ್ ಇದ್ದರೆ 65. ಬರೀ ಮರದ ಸ್ಟಾಕಿಗೆ ಅಷ್ಟು ಹಾಕಿದರೆ ಮರ ಅದುಮಿಕೊಂಡು ಹಾಳಾಗುತ್ತೆ.

ನಾಲ್ಕು ಲಿಮಿಟರ್ ಇರುವ ಕಿಟ್ಟಿನ ಒಂದೇ ತೊಂದರೆ ಅಂದರೆ ಅವಸರದಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬರಬಹುದು. ರಿಂಗ್ ಕೆಲಸಕ್ಕೆ ಕೂತಾಗ 65ರದ್ದನ್ನು ಪೆಟ್ಟಿಗೆಯಲ್ಲೇ ಬಿಟ್ಟುಬಿಡಿ, ಮೇಜಿನ ಮೇಲೆ ಇಡಬೇಡಿ.

ಪ್ರಶ್ನೆ (ಶಿವಮೊಗ್ಗದಿಂದ): ಅಣ್ಣಾ, ನನ್ನದು ಬರೀ ಸ್ಪ್ರಿಂಗ್ ಏರ್‌ಗನ್. ಅದಕ್ಕೂ ಇಷ್ಟೆಲ್ಲ ಬೇಕಾ? 18ಕ್ಕೆ ಹಾಕಿದರೂ ಸ್ಕೋಪ್ ಜಾರುತ್ತಿದೆ. 30ಕ್ಕೆ ಏರಿಸಲಾ?

ಉತ್ತರ: ಏರಿಸಬೇಡಪ್ಪಾ. ಸ್ಪ್ರಿಂಗ್ ಏರ್‌ಗನ್ ಸ್ಕೋಪಿಗೆ ಕೊಡುವ ಕಾಟ ದೊಡ್ಡ ರೈಫಲ್ ಕೂಡ ಕೊಡುವುದಿಲ್ಲ. ಪಿಸ್ಟನ್ ಮುಂದಕ್ಕೆ ಹಾರುವಾಗ ಗನ್ ಹಿಂದಕ್ಕೆ ಒದೆಯುತ್ತೆ. ಪಿಸ್ಟನ್ ಹೋಗಿ ಬಡಿದಾಗ ಗನ್ ಮುಂದಕ್ಕೆ ಜಗ್ಗುತ್ತೆ. ಎರಡೂ ಕಡೆ ಏಟು. ಆ ಎರಡನೇ ಏಟಿಗೆ ಸ್ಕೋಪ್ ಇದ್ದಲ್ಲೇ ನಿಲ್ಲಲು ನೋಡುತ್ತೆ, ಗನ್ ಮುಂದೆ ಹೋಗುತ್ತೆ. ಹಾಗಾಗಿ ಸ್ಕೋಪ್ ಹಿಂದಕ್ಕೆ ಬಂದಂತೆ ಕಾಣುತ್ತೆ. (10 ಮೀಟರ್ ಸ್ಪರ್ಧೆಯ ಏರ್ ರೈಫಲ್‌ನವರಿಗೆ ಈ ತಲೆನೋವು ಇಲ್ಲ. ಅವರಿಗೆ ಸ್ಕೋಪೇ ಇಲ್ಲ, ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ಗುರಿ ನೋಡುವ ಸಾಧನ) ಮಾತ್ರ.)

ಜಾರುತ್ತಿರೋದು ಯಾವುದು ಅಂತ ಮೊದಲು ಪತ್ತೆ ಮಾಡು. ರಿಂಗಿನ ಅಂಚಿಗೆ ಸರಿಯಾಗಿ ಟ್ಯೂಬಿನ ಮೇಲೆ ತೆಳು ಟೇಪ್ ಅಂಟಿಸು. ರಿಂಗಿನ ಹಿಂದೆ ರೈಲಿನ ಮೇಲೂ ಒಂದು ಪೆನ್ಸಿಲ್ ಗೆರೆ ಹಾಕು. ಇಪ್ಪತ್ತು ಪೆಲೆಟ್ ಹೊಡೆದು ನೋಡು. ರಿಂಗ್ ಸಮೇತ ರೈಲಿನ ಮೇಲೆ ಜಾರಿದ್ದರೆ ಮೇಲಿನ ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಉಪಯೋಗ ಇಲ್ಲ. ಸ್ಟಾಪ್ ಪಿನ್ (ಜಾರದಂತೆ ತಡೆಯುವ ಮೊಳೆ) ಇರುವ ಮೌಂಟ್, ಅಂದರೆ ರಿಂಗ್ ಸೆಟ್ ಹಾಕಿ, ಆ ಪಿನ್ನನ್ನು ಗನ್ ಮೇಲಿನ ತೂತಿಗೆ ಕೂರಿಸಬೇಕು. ಟ್ಯೂಬೇ ರಿಂಗಿನೊಳಗೆ ಜಾರಿದ್ದರೆ ಎಣ್ಣೆ ಅಂಶ ಒರೆಸು. ಆಮೇಲೂ ನಿಲ್ಲದಿದ್ದರೆ ಅಗಲ ರಿಂಗಿನ, ಜಾಸ್ತಿ ಸ್ಕ್ರೂಗಳ ಮೌಂಟ್ ತಗೋ. ಸ್ಕೋಪ್ ಏರ್‌ಗನ್‌ಗೆ ಅಂತಲೇ ಮಾಡಿದ್ದಾ ಅಂತಲೂ ನೋಡು.

ಪ್ರಶ್ನೆ (ಗೋಣಿಕೊಪ್ಪದಿಂದ, ಮತ್ತೆ): ಸರ್, ಚೀಟಿಯಲ್ಲಿ 15–18 ಅಂತಲೇ ಇತ್ತು, ಡ್ರೈವರ್ ತಂದೆ. ಒಂದೊಂದೇ ಸ್ಕ್ರೂವನ್ನು ಕ್ಲಿಕ್ ಬರುವವರೆಗೆ ಬಿಗಿ ಮಾಡಿದರೆ ಆಯ್ತಾ?

ಉತ್ತರ: ಇಲ್ಲ. ಮೊದಲು ಗನ್ ಖಾಲಿ ಇದೆಯಾ ಅಂತ ಚೇಂಬರ್ ತೆರೆದು ನೋಡಿ, ಬೋಲ್ಟ್ ತೆಗೆದು ಪಕ್ಕಕ್ಕಿಡಿ. ಎಲ್ಲ ಸ್ಕ್ರೂಗಳನ್ನೂ ಬರೀ ಬಿಟ್ಟನ್ನು (ಡ್ರೈವರಿನ ತುದಿಗೆ ಸಿಕ್ಕಿಸುವ ತುಂಡು) ಬೆರಳಲ್ಲಿ ಹಿಡಿದು ತಾಗುವಷ್ಟು ತಿರುಗಿಸಿ. ಈ ಹಂತದಲ್ಲೇ ಕ್ರಾಸ್‌ಹೇರ್ (ಸ್ಕೋಪಿನೊಳಗೆ ಕಾಣುವ ಕೂಡುಗೆರೆ) ನೇರ ಇದೆಯಾ ನೋಡಿಕೊಳ್ಳಿ. ಆಮೇಲೆ ಕಾರಿನ ಚಕ್ರದ ನಟ್ ಹಾಕುವ ಹಾಗೆ ಮೂಲೆಯಿಂದ ಎದುರು ಮೂಲೆಗೆ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ. ರಿಂಗಿನ ಎರಡೂ ಬದಿಯ ಸಂದು ಸಮ ಇರಬೇಕು. ಒಂದು ಬದಿಯನ್ನೇ ಮೊದಲು ಎಳೆದರೆ ಸ್ಕೋಪ್ ಆ ಕಡೆ ತಿರುಗಿ ಕ್ರಾಸ್‌ಹೇರ್ ವಾಲುತ್ತೆ.

ಕೊನೆಗೆ ಡ್ರೈವರನ್ನು ನೆಟ್ಟಗೆ ಹಿಡಿದು ನಿಧಾನವಾಗಿ ತಿರುಗಿಸಿ. ರಭಸದಿಂದ ತಿರುಗಿಸಿದರೆ ನಂಬರ್ ದಾಟಿಬಿಡುತ್ತೆ. ಕ್ಲಿಕ್ ಆದ ಕೂಡಲೇ ನಿಲ್ಲಿಸಿ. ಕೆಲವು ಟೂಲ್ ಜಾರಿ ಬಿಡುತ್ತವೆ, ಅವು ಮುಂದೆ ಬಿಗಿ ಮಾಡಲ್ಲ. ಇನ್ನು ಕೆಲವು ಬರೀ ಸದ್ದು ಮಾಡುತ್ತವೆ, ನೀವು ಒತ್ತುತ್ತಾ ಹೋದರೆ ಸ್ಕ್ರೂ ಬಿಗಿಯಾಗುತ್ತಲೇ ಹೋಗುತ್ತೆ. ಎಲ್ಲ ಮುಗಿದ ಮೇಲೆ ಇನ್ನೊಂದು ಸುತ್ತು ಬನ್ನಿ, ಯಾಕೆಂದರೆ ಕೊನೆಯ ಸ್ಕ್ರೂ ಬಿಗಿಯಾದಾಗ ಮೊದಲನೆಯದು ಸ್ವಲ್ಪ ಸಡಿಲ ಆಗಿರುತ್ತೆ.

ಪ್ರಶ್ನೆ (ಬೆಂಗಳೂರಿನಿಂದ): ಪ್ರೀಸೆಟ್ ಟೂಲ್ ಸರಿಯಾಗೇ ಇದೆ ಅಂತ ನಂಬೋದು ಹೇಗೆ? ಅದರ ಮೇಲೆ ಸ್ಕೇಲೂ ಇಲ್ಲ.

ಉತ್ತರ: ಮನೆಯಲ್ಲೇ ನೋಡಬಹುದು. ಡ್ರೈವರನ್ನು ಬಟ್ಟೆ ಸುತ್ತಿ ವೈಸ್‌ನಲ್ಲಿ ಅಡ್ಡಕ್ಕೆ ಹಿಡಿಸಿ. ಬಿಟ್ಟಿನ ಆರು ಮೂಲೆಯ ಭಾಗಕ್ಕೆ ಕಾಲಿಂಚಿನ ಸ್ಪ್ಯಾನರ್ ಸಿಕ್ಕಿಸಿ, ಅದು ನೆಲಕ್ಕೆ ಸಮಾನಾಂತರ ಇರಲಿ. ಬಿಟ್ಟಿನ ನಡುವಿನಿಂದ ಸರಿಯಾಗಿ 10 ಸೆಂ.ಮೀ. ದೂರದಲ್ಲಿ ಒಂದು ಕ್ಯಾನ್ ನೇತುಹಾಕಿ. ಕ್ಯಾನಿನ ಭಾರಕ್ಕೆ ಲಿಮಿಟರ್ ಕೆಲಸ ಮಾಡುವ ದಿಕ್ಕಿನಲ್ಲೇ ಬಿಟ್ ತಿರುಗುವಂತಿರಬೇಕು. ಕ್ಯಾನಿಗೆ ಸ್ವಲ್ಪಸ್ವಲ್ಪವೇ ನೀರು ಹಾಕುತ್ತಾ ಹೋಗಿ. ಟೂಲ್ ಕ್ಲಿಕ್ ಅಂದ ಕೂಡಲೇ ಕ್ಯಾನನ್ನು ತೂಕ ಮಾಡಿ. 15 ಇಂಚ್-ಪೌಂಡಿಗೆ 1.73 ಕೆಜಿ ಬರಬೇಕು. ಇಂಥ ಸಣ್ಣ ಟೂಲುಗಳಿಗೆ ಐಎಸ್‌ಒ 6789 (ಟಾರ್ಕ್ ಟೂಲುಗಳ ಅಂತರರಾಷ್ಟ್ರೀಯ ಮಾನದಂಡ) ಬಿಡುವುದು ಪ್ಲಸ್-ಮೈನಸ್ 6 ಪರ್ಸೆಂಟ್. ಅಂದರೆ 1.63ರಿಂದ 1.83 ಕೆಜಿ ಒಳಗೆ ಬಂದರೆ ಚಿಂತೆ ಇಲ್ಲ. ಮೂರು ಸಲ ಮಾಡಿ, ಮೂರೂ ಹತ್ತಿರ ಹತ್ತಿರ ಬರಬೇಕು. ಒಂದು ಸಲ 1.5, ಇನ್ನೊಂದು ಸಲ 1.9 ಬಂದರೆ ಆ ಟೂಲ್ ಬೇಡ.

ಕಾಗದ ಸಮೇತ ಬೇಕಿದ್ದರೆ ಪೀಣ್ಯ ಕಡೆ ಎನ್‌ಎಬಿಎಲ್ ಮಾನ್ಯತೆ ಇರುವ ಕ್ಯಾಲಿಬ್ರೇಶನ್ ಲ್ಯಾಬುಗಳಿವೆ. ಇಂಚ್-ಪೌಂಡ್ ಅಂದರೆ ಅವರಿಗೂ ಗೊತ್ತು. ಆದರೂ ಫಾರಂನಲ್ಲಿ 1.7 ನ್ಯೂಟನ್-ಮೀಟರ್ ಅಂತಲೂ ಬರೆದುಕೊಡಿ, ಗೊಂದಲ ಇರಲ್ಲ.