ಪದ ಬೇಕು: ಬೋಲ್ಟ್ ‘ಟಾರ್ಕ್ ಮಾಡುವುದು’ (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮಣ್ಣನ ಗ್ಯಾರೇಜ್ ಇದೆ. ವ್ಯಾನು, ಪಿಕಪ್ ಗಾಡಿಗಳೇ ಜಾಸ್ತಿ. ಕೆಲಸ ಕಲಿಯುವ ಹುಡುಗರಿಗೆ ಗೋಡೆ ಮೇಲೊಂದು ಬೋರ್ಡ್ ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ.

ವಿಷಯ ಇಷ್ಟು. ಗಾಡಿ ಜಾಕ್ ಮೇಲಿದ್ದಾಗ ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು) ಬುಷ್ (ಅದರ ಕೀಲಿನಲ್ಲಿರುವ ರಬ್ಬರ್ ತುಂಡು) ಬೋಲ್ಟನ್ನು ಸುಮ್ನೆ ಕೂರಿಸಬೇಕು. ಚಕ್ರ ನೆಲ ಮುಟ್ಟಿ ಗಾಡಿಯ ಭಾರ ಬಿದ್ದ ಮೇಲೆ ಟಾರ್ಕ್ ರೆಂಚಿನಲ್ಲಿ (ತಿರುಗಿಸುವ ಬಲ ಅಳೆದು ತೋರಿಸುವ ಸ್ಪ್ಯಾನರ್) ಟೈಟ್ ಮಾಡಬೇಕು. ನಾನು ಎರಡಕ್ಕೂ ‘ಬಿಗಿ ಮಾಡಿ’ ಎಂದು ಬರೆದಿದ್ದೆ. ‘ಹುಡುಗರು ಮೊದಲ ಸಲವೇ ಪೂರ್ತಿ ಎಳೆದುಬಿಡ್ತಾರೆ’ ಎಂದ ಅಣ್ಣ. ಎರಡನೆಯದಕ್ಕೆ ‘ತಿರುಗುಬಲ ಕೊಡಿ’ ಅನ್ನಬಹುದಾ?

ಮರು:
‘ತಿರುಗುಬಲ’ ಬೇಡ. ಅರಿಸಮಾಸ, ಅಂದರೆ ಕನ್ನಡ-ಸಂಸ್ಕೃತ ಬೆರೆಸಿದ ಜೋಡುಪದ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು ಬಿರುದಾವಳಿಯಂಥ ಕಡೆ. ತಿರುಗು, ತಿರುವು, ತಿರುಚು, ತಿರುಪು ಎಲ್ಲ ಒಂದೇ ಬೇರಿನವು. ಟಾರ್ಕ್ ಪದದ ಲ್ಯಾಟಿನ್ ಮೂಲಕ್ಕೂ ತಿರುಚುವುದು ಎಂದೇ ಅರ್ಥ. ‘ಮೊದಲು ತೊಡಿಸಿ, ಆಮೇಲೆ ತಿರುಪಿ’ ಎಂದು ಬರೆಯಿರಿ. ‘ಟೈಟ್’ ಯಾಕೆ ಬೇಕು?

ಮರು: ಮರು:
‘ತಿರುಪಿ’ ಅಂದರೆ ಎಷ್ಟು ತಿರುಪಬೇಕು ಸರ್? ಈ ಬೋರ್ಡಿನ ಜೀವವೇ ಆ ‘ಎಷ್ಟು’. ಬುಷ್‌ನ ರಬ್ಬರು ಒಳಗಿನ ಕೊಳವೆಗೆ ಅಂಟಿರುತ್ತದೆ. ಚಕ್ರ ನೇತಾಡುವಾಗ ಬೋಲ್ಟ್ ಬಿಗಿದರೆ ಕೊಳವೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಡಿ ಇಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು, ಹಾಗೆಯೇ ಓಡಿ ಓಡಿ ಬೇಗ ಹರಿಯುತ್ತದೆ. ಅದಕ್ಕೇ ಎರಡು ಪದ.

ಇನ್ನೊಂದು ಮಾತು. ಬಿಗಿ ಬೇರೆ, ಟಾರ್ಕ್ ಬೇರೆ. ಟಾರ್ಕ್ ಅಂದರೆ ನಮ್ಮ ಕೈ ಕೊಡುವ ತಿರುಗಿಸುವ ಬಲ. ಬಿಗಿ ಅಂದರೆ ಬೋಲ್ಟಿನ ಹಿಡಿತ. ಥ್ರೆಡ್ಡಿಗೆ ಎಣ್ಣೆ ಹಚ್ಚಿದರೆ ಅದೇ ಟಾರ್ಕಿಗೆ ಬಿಗಿ ಜಾಸ್ತಿಯಾಗುತ್ತದೆ. ಹಾಗಾಗಿ ಎರಡೂ ಪದ ಇರಲಿ. ‘ಕೈಬಿಗಿ’, ‘ಟಾರ್ಕ್ ಬಿಗಿ’ ಎಂದರೆ ಮುಗಿಯಿತು.

ಮರು: ಮರು: ಮರು:
ಕೈಬಿಗಿ ಅಂದರೆ ಖರ್ಚಿಗೆ ಹಿಂಜರಿಯುವುದು. ಅಷ್ಟೂ ಗೊತ್ತಿಲ್ಲವೇ? ‘ಟಾರ್ಕ್ ಬಿಗಿ’ ಇನ್ನೊಂದು ಬೆರಕೆ. ಹೀಗೆ ಒಂದೊಂದೇ ಪದ ಬಿಡುತ್ತಾ ಹೋದರೆ ಕನ್ನಡದಲ್ಲಿ ಕ್ರಿಯಾಪದ ಮಾತ್ರ ಉಳಿಯುತ್ತದೆ.

ಮರು: ಮರು: ಮರು: ಮರು:
ಕೈಬಿಗಿ ವಿಷಯದಲ್ಲಿ ನೀವು ಹೇಳಿದ್ದು ಸರಿ, ವಾಪಸ್ ತಗೊಂಡೆ. ಬೆರಕೆ ಮಾತು ಒಪ್ಪಲಾರೆ. ‘ಬಸ್ ನಿಲ್ದಾಣ’ ನೀವೂ ಬರೆಯುತ್ತೀರಿ. ನಟ್ಟು, ಬೋಲ್ಟು ಉಕಾರ ಹಚ್ಚಿಕೊಂಡಿವೆ, ನಮ್ಮ ವಿಭಕ್ತಿ ಹಿಡಿದಿವೆ: ನಟ್ಟಿಗೆ, ಬೋಲ್ಟಿನ. ಗ್ಯಾರೇಜಿನವರು ದಿನವೂ ಆಡುವ ಪದವನ್ನು ಅವರದೇ ಗೋಡೆಯಿಂದ ಅಳಿಸುವುದು ಕನ್ನಡದ ಕೆಲಸವಲ್ಲ.

ಪ್ರಶ್ನೆ ಕೇಳಿದವರಿಗೆ: ಟಾರ್ಕಿನ ಅಂಕಿಯ ಪಕ್ಕ ಅಳತೆಯ ಹೆಸರನ್ನೂ ಬರೆಸಿ. 1 ಕೆಜಿ-ಮೀಟರ್ ಅಂದರೆ ಸುಮಾರು 9.8 ನ್ಯೂಟನ್-ಮೀಟರ್. ಅದಲುಬದಲಾದರೆ ಬೋಲ್ಟೇ ತುಂಡಾದೀತು.

ಮರು: ಪದ ಬೇಕು
ಇಬ್ಬರಿಗೂ ಥ್ಯಾಂಕ್ಸ್. ಅಣ್ಣನಿಗೆ ಓದಿ ಹೇಳಿದೆ, ಒಪ್ಪಿದ. ಪೇಂಟರಿಗೆ ಕೊಡುತ್ತಿರುವುದು ಇದು: ‘ಬುಷ್ ಬೋಲ್ಟ್: ಜಾಕ್ ಮೇಲೆ ಬರೀ ಕೂರಿಸಿ. ಚಕ್ರ ನೆಲಕ್ಕೆ ಬಂದ ಮೇಲೆ ಟಾರ್ಕ್ ನೋಡಿ ಬಿಗಿಯಿರಿ.’ ಅಂಕಿ ಗಾಡಿಗೊಂದು ಇರುವುದರಿಂದ ಕೆಳಗೆ ಜಾಗ ಬಿಡಿಸುತ್ತೇನೆ, ಅಳತೆಯ ಹೆಸರನ್ನೂ ಸೇರಿಸಿ.