ಸೊಂಟ, ಕುತ್ತಿಗೆ ನೋವಿಗೆ ಸಣ್ಣ ಗಾಯದ ಶಸ್ತ್ರಚಿಕಿತ್ಸೆ: ಒಪ್ಪಬಹುದೇ?

ಪ್ರಶ್ನೆ:
ಎರಡು ವರ್ಷಗಳ ಸೊಂಟ ನೋವು ಕಳೆದ ನಾಲ್ಕು ತಿಂಗಳಿಂದ ಬಲಗಾಲಿನ ಹಿಂಬದಿಯಲ್ಲಿ ಪಾದದವರೆಗೂ ಇಳಿಯುತ್ತಿದೆ. ಕುತ್ತಿಗೆಯೂ ಆಗಾಗ ಹಿಡಿದುಕೊಳ್ಳುತ್ತದೆ. ಸೊಂಟದ ಕೊನೆಯ ಡಿಸ್ಕ್ (ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ) ಹೊರಚಾಚಿ ನರವನ್ನು ಒತ್ತುತ್ತಿದೆಯೆಂದೂ ಕುತ್ತಿಗೆಯ ಎರಡು ಡಿಸ್ಕ್‌ಗಳು ಸವೆದಿವೆಯೆಂದೂ ಎಂಆರ್‌ಐ ವರದಿಯಲ್ಲಿದೆ. ಮಾತ್ರೆ, ಫಿಸಿಯೊಥೆರಪಿಗಳಿಂದ ಗುಣ ಕಾಣದ ಕಾರಣ ಸಣ್ಣ ಗಾಯದ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಸೂಚಿಸಿದ್ದಾರೆ. ಗಾಯ ಚಿಕ್ಕದಾದರೆ ಅಪಾಯವೂ ಚಿಕ್ಕದೇ? ಕುತ್ತಿಗೆಗೂ ಇದನ್ನೇ ಮಾಡಿಸಬಹುದೇ?

ಉತ್ತರ 1:
ಚಿಕ್ಕದಾಗುವುದು ಒಳಗೆ ಹೋಗುವ ದಾರಿ ಮಾತ್ರ. ಒಳಗಿನ ಕೆಲಸ ಹಳೆಯದೇ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಬೆನ್ನಿನ ಸ್ನಾಯುವನ್ನು ಮೂಳೆಯಿಂದ ಬಿಡಿಸಿ ಸರಿಸುತ್ತಾರೆ. ಇಲ್ಲಿ ಎರಡು ಸೆಂಟಿಮೀಟರಿನಷ್ಟು ಗಾಯದಲ್ಲಿ ಕೊಳವೆಯಿಳಿಸಿ, ಸ್ನಾಯುವಿನ ಎಳೆಗಳನ್ನು ಅಗಲಿಸಿ, ಸೂಕ್ಷ್ಮದರ್ಶಕ ಅಥವಾ ಎಂಡೋಸ್ಕೋಪಿನ (ಕ್ಯಾಮೆರಾ ಇರುವ ತೆಳು ಕೊಳವೆ) ನೆರವಿನಿಂದ ನರವನ್ನು ಒತ್ತುತ್ತಿರುವ ಡಿಸ್ಕಿನ ತುಣುಕನ್ನಷ್ಟೇ ತೆಗೆಯುತ್ತಾರೆ. ರಕ್ತಸ್ರಾವ ಕಡಿಮೆ, ಚೇತರಿಕೆ ಬೇಗ ಎಂಬುದು ನಿಜ. ಆದರೆ ನರಕ್ಕೆ ಪೆಟ್ಟು, ನರದ ಹೊದಿಕೆ ಹರಿಯುವುದು, ಸೋಂಕು, ಅದೇ ಡಿಸ್ಕ್ ಮತ್ತೆ ಚಾಚುವುದು ಇವೆಲ್ಲ ಇಲ್ಲಿಯೂ ಸಾಧ್ಯ.

ಕುತ್ತಿಗೆಯ ವಿಷಯ ಬೇರೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ಒಂದು ವಿಮರ್ಶೆಯಲ್ಲಿ, 20ರ ಹರೆಯದಲ್ಲೇ ಶೇ. 37ರಷ್ಟು ಜನರಲ್ಲಿ ಸೊಂಟದ ಡಿಸ್ಕ್ ಸವೆತ ಕಂಡಿತ್ತು. ಹಾಗಾಗಿ ಕುತ್ತಿಗೆಯ ವರದಿಯಲ್ಲೂ ಸವೆತವೆಂಬ ಪದವೊಂದನ್ನೇ ನೋಡಿ ಹೆದರಬೇಕಿಲ್ಲ. ತೋಳಿಗೆ ಇಳಿಯುವ ನೋವು, ಜೋಮು, ಕೈಯ ಬಲಹೀನತೆ ಇಲ್ಲದಿದ್ದರೆ ಕುತ್ತಿಗೆಗೆ ಶಸ್ತ್ರಚಿಕಿತ್ಸೆ ಏಕೆಂದು ಕೇಳಿ.

ಉತ್ತರ 2:
ನಾನು ಇದನ್ನು ಮಾಡಿಸಿಕೊಂಡವನು. ಎಚ್ಚರವಾದಾಗಲೇ ಕಾಲಿನ ಸೆಳೆತ ಹೋಗಿತ್ತು. ಪಾದದ ಜೋಮು ಇಳಿಯಲು ತಿಂಗಳುಗಳೇ ಬೇಕಾದವು. ಸೊಂಟದ ಹಳೆಯ ನೋವು ಮಾತ್ರ ಬಹುಪಾಲು ಹಾಗೆಯೇ ಇದೆ. ಕಾಲಿನ ನೋವಿಗಾಗಿ ಮಾಡುವ ಚಿಕಿತ್ಸೆ ಇದು ಎಂದು ಮೊದಲೇ ಯಾರಾದರೂ ಬಿಡಿಸಿ ಹೇಳಿದ್ದರೆ ಅಷ್ಟು ನಿರಾಶೆಯಾಗುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹಾಗಾದರೆ ಇನ್ನೂ ಮೂರು ತಿಂಗಳು ಕಾಯೋಣವೆನಿಸುತ್ತಿದೆ. ಈ ವಾರದಿಂದ ಬಲಗಾಲಿನ ತುದಿಬೆರಳಲ್ಲಿ ನಿಲ್ಲಲಾಗುತ್ತಿಲ್ಲ. ಅದು ನೋವಿನಿಂದಲೇ ಇರಬೇಕು.

ಉತ್ತರ 1:
ಹಾಗೆಂದು ಊಹಿಸಿ ಸುಮ್ಮನಿರಬೇಡಿ. ನೀವು ಹೇಳಿದ ಡಿಸ್ಕ್ ಸಾಮಾನ್ಯವಾಗಿ ಒತ್ತುವ ನರವೇ ಹಿಮ್ಮಡಿಯೆತ್ತುವ ಸ್ನಾಯುವಿಗೆ ಬಲ ಕೊಡುತ್ತದೆ. ನೋವಿದ್ದರೆ ಕಾಯಬಹುದು, ಹೊಸದಾಗಿ ಬಲ ಕುಂದುತ್ತಿದ್ದರೆ ಕಾಯುವಂತಿಲ್ಲ. ನಾಳೆಯೇ ವೈದ್ಯರಿಗೆ ತೋರಿಸಿ. ಮೂತ್ರ ಕಟ್ಟಿದರೆ ಅಥವಾ ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಂತಾದರೆ ನಾಳೆಯವರೆಗೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.