ಮರಿಸಿಂಹದ ಮುಖದಲ್ಲಿ ದುಃಖ ಯಾಕೆ ಕಾಣಲಿಲ್ಲ? ಹಳೆಯ ಅನಿಮೇಷನ್‌ಗಳ ಹೊಸ ರೂಪದ ಬಗ್ಗೆ

ಪ್ರಶ್ನೆ: ಸುಮಾ

ಎಲ್ಲರಿಗೂ ನಮಸ್ಕಾರ. ಹೋದ ವಾರ ನನ್ನ ಏಳು ವರ್ಷದ ಮಗಳ ಜೊತೆ ಎರಡೂ 'ಲಯನ್ ಕಿಂಗ್' ನೋಡಿದೆ. ಶನಿವಾರ 1994ರದ್ದು, ಭಾನುವಾರ 2019ರದ್ದು. ಹಳೆಯದರಲ್ಲಿ ಅಪ್ಪ ಸತ್ತ ಮೇಲೆ ಮರಿ ಅವನ ಕಿವಿ ಕಚ್ಚಿ ಎಳೆಯುತ್ತೆ, ಏಳು ಅನ್ನುತ್ತೆ, ಯಾರಾದರೂ ಬನ್ನಿ ಅಂತ ಕೂಗುತ್ತೆ, ಕೊನೆಗೆ ಅವನ ಪಂಜದ ಕೆಳಗೇ ತೂರಿಕೊಂಡು ಮಲಗುತ್ತೆ. ಅಷ್ಟು ಹೊತ್ತಿಗೆ ಮಗಳು ದಿಂಬು ಅವುಚಿಕೊಂಡು ಬಿಕ್ಕುತ್ತಿದ್ದಳು. ಮರುದಿನ ಹೊಸ ಚಿತ್ರದಲ್ಲಿ ಅದೇ ಜಾಗ ಬಂದಾಗ ಅಳಲಿಲ್ಲ. ತೆರೆಯನ್ನೇ ದಿಟ್ಟಿಸಿ ನೋಡಿ, "ಅಮ್ಮಾ, ಇದಕ್ಕಿನ್ನೂ ಗೊತ್ತಾಗಿಲ್ವಾ?" ಅಂದಳು.

ಆ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಹೊಸದರಲ್ಲಿ ರೋಮ ಒಂದೊಂದೂ ಎಣಿಸುವ ಹಾಗಿದೆ. ಧೂಳು, ಬಿಸಿಲು, ಹುಲ್ಲು ಎಲ್ಲ ನಿಜದಂತೆಯೇ. ಮುಖ ಮಾತ್ರ ಏನೂ ಹೇಳುವುದಿಲ್ಲ. ಇದು ಕಂಪ್ಯೂಟರಿನ ಕೈಲಾಗದ್ದೋ, ಮಾಡಿದವರೇ ಬೇಡವೆಂದು ಬಿಟ್ಟದ್ದೋ?

ಇನ್ನೊಂದು ಸಣ್ಣ ವಿಷಯ: ಶನಿವಾರ ಹಳೆಯ ಚಿತ್ರ ನಮ್ಮ ಹೊಸ ಟಿವಿಯಲ್ಲಿ ನೀರಿನ ಮೇಲೆ ಜಾರಿದ ಹಾಗೆ ಕಾಣುತ್ತಿತ್ತು. ನನ್ನ ಚಿಕ್ಕಂದಿನ ನೆನಪಿನಲ್ಲಿ ಹಾಗಿರಲಿಲ್ಲ.

ಉತ್ತರ: ಗೆರೆಗಾರ

ಸುಮಾ ಅವರೇ, ನಿಮ್ಮ ಮಗಳು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾಳೆ. ನಾನು ಹನ್ನೊಂದು ವರ್ಷ ಲೈಟ್ ಬಾಕ್ಸ್ (ಕೆಳಗಿನಿಂದ ಬೆಳಕು ಬೀಳುವ ಮೇಜು) ಮುಂದೆ ಕೂತು ಇನ್‌ಬಿಟ್ವೀನ್ (ಎರಡು ಮುಖ್ಯ ಚಿತ್ರಗಳ ನಡುವಿನ ಚಿತ್ರಗಳು), ಕ್ಲೀನಪ್ (ಕರಡು ಗೆರೆ ತಿದ್ದಿ ಶುದ್ಧ ಮಾಡುವುದು) ಮಾಡಿದವನು. ಈಗ 3ಡಿ ಪಾತ್ರಗಳಿಗೆ ಮುಖದ ರಿಗ್, ಅಂದರೆ ಮುಖವನ್ನು ಅಲುಗಾಡಿಸುವ ಒಳಗಿನ ಹಿಡಿಕೆಗಳ ಜಾಲ, ಕಟ್ಟುತ್ತೇನೆ. ಎರಡೂ ಕಡೆ ದುಡಿದ ಮೇಲೆ ಹೇಳುತ್ತಿದ್ದೇನೆ, ಇದರಲ್ಲಿ ಕಂಪ್ಯೂಟರಿನ ತಪ್ಪಿಲ್ಲ.

ನಿಮ್ಮ ಮಗಳನ್ನು ಅಳಿಸಿದ 1994ರ ಚಿತ್ರದಲ್ಲೂ ಕಂಪ್ಯೂಟರ್ ಇತ್ತು. ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಗೆರೆಗಳನ್ನು ಸ್ಕ್ಯಾನ್ ಮಾಡಿ, ಡಿಸ್ನಿ ಮತ್ತು ಪಿಕ್ಸಾರ್ ಸೇರಿ ರೂಪಿಸಿದ ಕ್ಯಾಪ್ಸ್ ಎಂಬ ವ್ಯವಸ್ಥೆಯಲ್ಲಿ ಬಣ್ಣ ತುಂಬಿದ್ದರು. ಕಣಿವೆಯಲ್ಲಿ ಕಾಡೆಮ್ಮೆಯಂಥ ಆ ವೈಲ್ಡ್‌ಬೀಸ್ಟ್ ಹಿಂಡು ನುಗ್ಗುತ್ತದಲ್ಲ, ಆ ಹಿಂಡು ಕಂಪ್ಯೂಟರಿನದ್ದೇ. ಎರಡೂವರೆ ನಿಮಿಷದ ಆ ದೃಶ್ಯ ಎರಡು ವರ್ಷಕ್ಕೂ ಹೆಚ್ಚು ಕಾಲ ತಿಂದಿತು. ಆದರೆ ಹಿಂಡು ಹೋಗಿ ಧೂಳು ಇಳಿದ ಮೇಲೆ ಕಾಣುವ ಮರಿ ಮಾತ್ರ ಕೈಯಲ್ಲಿ ಬರೆದದ್ದು.

2019ರಲ್ಲಿ ನಿರ್ದೇಶಕ ಜಾನ್ ಫಾವ್ರೋ ವನ್ಯಜೀವಿ ಸಾಕ್ಷ್ಯಚಿತ್ರದ ಹಾಗೆ ಕಾಣಬೇಕು ಎಂದು ಆರಿಸಿಕೊಂಡರು. ತಂಡದವರು ವಿಆರ್ ಕನ್ನಡಕ ಹಾಕಿಕೊಂಡು, ಇಲ್ಲದ ಬಯಲಿನಲ್ಲಿ ಓಡಾಡಿ, ನಿಜವಾದ ಕ್ಯಾಮೆರಾ ಇಡುವಂತೆಯೇ ಕೋನ ಹುಡುಕಿದರು. ಇಡೀ ಚಿತ್ರದಲ್ಲಿ ನಿಜವಾಗಿ ಚಿತ್ರೀಕರಿಸಿದ್ದು ಮೊದಲ ಸೂರ್ಯೋದಯದ ಶಾಟ್ ಒಂದೇ. ಆ ಕೆಲಸದ ಮುಂದೆ ನಾನು ತಲೆ ಬಾಗುತ್ತೇನೆ. ಆದರೆ ಸಾಕ್ಷ್ಯಚಿತ್ರದ ಸಿಂಹ ಅಂತ ಒಪ್ಪಿಕೊಂಡ ಮೇಲೆ ಸಿಂಹಕ್ಕಿಲ್ಲದ್ದನ್ನು ಕೊಡುವ ಹಾಗಿಲ್ಲ. ಸಿಂಹಕ್ಕೆ ನಮ್ಮಂತೆ ಏರಿಳಿಯುವ ಹುಬ್ಬಿಲ್ಲ, ಕಣ್ಣಿನ ಬಿಳಿ ಕಾಣುವುದೇ ಅಪರೂಪ, ತುಟಿಯ ಮೂಲೆ ಕೆಳಗೆ ಇಳಿದರೂ ದುಃಖ ಅನ್ನಿಸುವುದಿಲ್ಲ. ಕೈಯಲ್ಲಿ ಬರೆದ ಮರಿಗೆ ಇವೆಲ್ಲ ಇತ್ತು. ಅದರ ಮುಖ ಮನುಷ್ಯರ ಮಗುವಿನದು, ಮೇಲೆ ಸಿಂಹದ ಮೂಗು ಅಷ್ಟೆ.

ನಮ್ಮ ಮೇಜಿನ ಮೇಲೆ ಸದಾ ಒಂದು ಸಣ್ಣ ಕನ್ನಡಿ ಇರುತ್ತಿತ್ತು. ಒಮ್ಮೆ ನಾಯಿಮರಿಯೊಂದರ ಶಾಟ್ ನನ್ನ ಪಾಲಿಗೆ ಬಂತು: ಬಾಗಿಲು ಮುಚ್ಚಿದ್ದನ್ನು ನೋಡಿ ಅದರ ಮುಖ ಬಾಡಬೇಕು. ಹಿರಿಯರು ಎರಡು ಕೀ ಡ್ರಾಯಿಂಗ್, ಅಂದರೆ ಚಲನೆಯ ಮೊದಲ ಮತ್ತು ಕೊನೆಯ ಚಿತ್ರ, ಕೊಟ್ಟರು, ನಡುವೆ ಐದು ಹಾಳೆ ನನ್ನದು. ನಾನು ಐದನ್ನೂ ಸಮನಾಗಿ ಹಂಚಿ ಬರೆದೆ. ಪೆನ್ಸಿಲ್ ಟೆಸ್ಟ್‌ನಲ್ಲಿ (ಹಾಳೆಗಳನ್ನು ಸಾಲಾಗಿ ಓಡಿಸಿ ನೋಡುವ ಪರೀಕ್ಷೆ) ನೋಡಿದರೆ ನಾಯಿಗೆ ನಿದ್ದೆ ಬಂದ ಹಾಗಿತ್ತು. ಅವರು ಕನ್ನಡಿ ನನ್ನ ಕಡೆ ತಿರುಗಿಸಿ, "ಮೊದಲು ನೀನು ಬಾಡು" ಅಂದರು. ನೋಡಿಕೊಂಡೆ. ಹುಬ್ಬಿನ ಒಳತುದಿ ಮೊದಲು ಮೇಲೆ ಹೋಗುತ್ತೆ, ಅದಾದ ಮೇಲೆ ಕಣ್ಣು ಕೆಳಗಿಳಿಯುತ್ತೆ, ತಲೆ ಎಲ್ಲಕ್ಕಿಂತ ಕೊನೆಗೆ. ಎರಡನೇ ಹಾಳೆಯಲ್ಲಿ ಹುಬ್ಬನ್ನಷ್ಟೇ ಸರಿಸಿದೆ, ಉಳಿದದ್ದು ಹಾಗೇ ಬಿಟ್ಟೆ. ನಾಯಿ ಬಾಡಿತು. ಗೆರೆ ಸರಿದದ್ದು ಒಂದು ಪೆನ್ಸಿಲ್ ಮೊನೆಯ ದಪ್ಪದಷ್ಟು.

ಇದನ್ನು 3ಡಿಯಲ್ಲಿ ಮಾಡಲು ಆಗುವುದಿಲ್ಲ ಅಂತ ಯಾರೂ ಹೇಳಲಾರರು. ಕೈಯಲ್ಲಿ ಬರೆಯುತ್ತಿದ್ದ ಹಳಬರ ಇಂಥ ಸೂತ್ರಗಳನ್ನು 3ಡಿಗೆ ಹೇಗೆ ತರಬೇಕೆಂದು ಪಿಕ್ಸಾರ್‌ನ ಜಾನ್ ಲ್ಯಾಸೆಟರ್ 1987ರಲ್ಲೇ ಪ್ರಬಂಧ ಬರೆದಿದ್ದರು. 1995ರ 'ಟಾಯ್ ಸ್ಟೋರಿ' ನಿಂತಿರುವುದೇ ಅದರ ಮೇಲೆ. ಮುಖವನ್ನು ಕಟ್ಟಿಹಾಕಿದ್ದು ಫೋಟೊದಂತೆಯೇ ಇರಬೇಕು ಎಂಬ ನಿಯಮ.

ಟಿವಿಯ ವಿಷಯಕ್ಕೆ: ಸೆಟ್ಟಿಂಗ್‌ನಲ್ಲಿ ಮೋಷನ್ ಸ್ಮೂತಿಂಗ್ ಎಂಬರ್ಥದ ಆಯ್ಕೆ ಇರುತ್ತೆ, ಕಂಪನಿಗೊಂದು ಹೆಸರು. ಈಗಲೇ ಆಫ್ ಮಾಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಬಹಳ ಸಲ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಟಿವಿ ನಡುನಡುವೆ ತಾನೇ ಚಿತ್ರ ಹುಟ್ಟಿಸಿ ಸೇರಿಸುತ್ತೆ. ನಾನು ಆವತ್ತು ಐದು ಹಾಳೆ ಸಮನಾಗಿ ಹಂಚಿದೆನಲ್ಲ, ಅದೇ ತಪ್ಪನ್ನು ಅದು ಪ್ರತಿ ಸೆಕೆಂಡೂ ಮಾಡುತ್ತಿರುತ್ತೆ.

ಉತ್ತರ: ರಾಘು

ಗೆರೆಗಾರ ಸರ್, ಪೂರ್ತಿ ಒಪ್ಪಲಾರೆ. 2016ರ 'ಜಂಗಲ್ ಬುಕ್' ಕೂಡ ಇದೇ ನಿರ್ದೇಶಕರದ್ದು. ಅಲ್ಲಿಯ ಕರಡಿ, ಕರಿಚಿರತೆ ಎಲ್ಲ ಫೋಟೊದಂತೆಯೇ ಇವೆ. ಕಾಡಿಗೆ ಕಾಡೇ ಕಂಪ್ಯೂಟರಿನಲ್ಲಿ ಬೆಳೆದದ್ದು, ಚಿತ್ರೀಕರಣ ನಡೆದದ್ದು ಲಾಸ್ ಏಂಜಲೀಸ್‌ನ ಸ್ಟುಡಿಯೋದೊಳಗೆ. ದೃಶ್ಯ ಪರಿಣಾಮಗಳಿಗೆ ಆಸ್ಕರ್ ಬಂತು. ನನಗೆ ಅದು 1967ರ ಹಳೆಯ 'ಜಂಗಲ್ ಬುಕ್'ಗಿಂತ ಹೆಚ್ಚು ತಟ್ಟಿತು. ಮರುಸೃಷ್ಟಿಯೇ ಬೇಡ ಅಂದರೆ ಹೇಗೆ?

ಉತ್ತರ: ಗೆರೆಗಾರ

ರಾಘು, ಬೇಡ ಅಂದಿಲ್ಲ. ಆ ಚಿತ್ರ ನನಗೂ ಇಷ್ಟ. ಅಲ್ಲಿ ನಡುವೆ ಒಬ್ಬ ನಿಜವಾದ ಹುಡುಗ ಇದ್ದಾನೆ, ಗಮನಿಸಿ. ಕರಡಿಯ ಮುಖ ಹೇಳದೆ ಬಿಟ್ಟದ್ದನ್ನು ಹುಡುಗನ ಮುಖ ಹೇಳುತ್ತೆ. 'ಲಯನ್ ಕಿಂಗ್'ನಲ್ಲಿ ಹಾಗೆ ಹೊರೆ ಹೊರಲು ಒಬ್ಬ ಮನುಷ್ಯನೂ ಇಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಕೆಲಸ ಮಾಡಿದ ಒಂದು ಸ್ಟುಡಿಯೋದಲ್ಲಿ, ಹೆಸರು ಬೇಡ, ಹಳೆಯ ಕಿರುಚಿತ್ರವೊಂದನ್ನು ಹೊಸದಾಗಿ ಹೊಳೆಯುವಂತೆ ಮಾಡಲು ಕೊಟ್ಟರು. ಸಾಫ್ಟ್‌ವೇರ್ ಫಿಲ್ಮಿನ ಕಾಳನ್ನು (ಚಿತ್ರದ ಮೇಲೆ ಕಾಣುವ ಸಣ್ಣ ಚುಕ್ಕೆಗಳನ್ನು) ಅಳಿಸುವಾಗ ಪೆನ್ಸಿಲ್ ಗೆರೆಯನ್ನೂ ಕಸವೆಂದು ಎಣಿಸಿತು. ಮುದುಕಿಯ ಪಾತ್ರವೊಂದರ ಕೆನ್ನೆಯ ಎರಡು ಸುಕ್ಕು ಮಾಯವಾದವು. ಫ್ರೇಮ್ ನಂಬರ್ ಬರೆದು ತೋರಿಸಿದೆ. ಕ್ಲೀನಾಗಿದೆಯಲ್ಲ ಅಂದರು. ಹಾಗೇ ಹೋಯಿತು. ಆ ಸುಕ್ಕು ಬರೆದ ಕೈಗೆ ಏನು ಉತ್ತರ ಕೊಡಲಿ?

ಚೆನ್ನಾಗಿ ಮಾಡಿದ್ದೂ ಇದೆ. 1937ರ 'ಸ್ನೋ ವೈಟ್' 83 ನಿಮಿಷದ ಚಿತ್ರ, ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 1,20,000 ಫ್ರೇಮ್. 1993ರಲ್ಲಿ ಕೊಡಕ್‌ನ ಸಿನಿಯಾನ್ ವ್ಯವಸ್ಥೆಯಲ್ಲಿ ಅಷ್ಟನ್ನೂ 4ಕೆಯಲ್ಲಿ ಸ್ಕ್ಯಾನ್ ಮಾಡಿ, ಧೂಳು ಗೀರು ತೆಗೆದು, ಮತ್ತೆ ಫಿಲ್ಮಿಗೆ ಇಳಿಸಿದರು. ಹೊಸ ದಾರಿ ಬೇಕೆನ್ನುವವರು 2012ರ ಕಿರುಚಿತ್ರ 'ಪೇಪರ್‌ಮ್ಯಾನ್' ನೋಡಿ. 3ಡಿ ದೇಹದ ಮೇಲೆ ಕಲಾವಿದರು ಗೆರೆ ಬರೆದರೆ, ಆ ಗೆರೆ ದೇಹದ ಜೊತೆಯೇ ಚಲಿಸುವಂತೆ ಸಾಫ್ಟ್‌ವೇರ್ ಮಾಡಿದ್ದರು. ಇಂಥ ಉಪಕರಣ ಕೈಗೆ ಬಂದಿರುವಾಗ ಹಳೆಯ ಕಥೆಯನ್ನು ಮತ್ತೆ ಹೇಳಲು ಯಾರಾದರೂ ಅದನ್ನು ಬಳಸಲಿ ಅಂತ ನಾನು ನಿಜಕ್ಕೂ ಕಾಯುತ್ತಿದ್ದೇನೆ.

ಸುಮಾ

ಸ್ಮೂತಿಂಗ್ ಆಫ್ ಮಾಡಿದೆ. ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ಮುಂದಕ್ಕೆ ಒತ್ತುತ್ತಾ ಮಗಳ ಜೊತೆ ನೋಡಿದೆ. ನೀವಂದ ಹುಬ್ಬಿನ ಒಳತುದಿ ಸಿಕ್ಕಿತು. ಅವಳು ಸ್ನಾನದ ಮನೆಯ ಕನ್ನಡಿ ಮುಂದೆ ಸ್ಟೂಲ್ ಹಾಕಿಕೊಂಡು ನಿಂತು, ಹುಬ್ಬನ್ನಷ್ಟೇ ಎತ್ತಲು ಹೋಗಿ ಪ್ರತಿ ಸಲ ತಲೆಯನ್ನೂ ಎತ್ತುತ್ತಿದ್ದಾಳೆ. ಏಳು ವರ್ಷದವಳಿಗೆ ಲೈಟ್ ಬಾಕ್ಸ್ ಬೇಕಾ, ಇಲ್ಲ ಪುಸ್ತಕದ ಮೂಲೆಯಲ್ಲಿ ಬರೆದು ಹಾಳೆ ಮಗುಚಿದರೆ ಸಾಕಾ?

ಗೆರೆಗಾರ

ಹಾಳೆಯ ಮೂಲೆ ಸಾಕು. ತೆಳು ಕಾಗದದ ನೋಟ್‌ಪ್ಯಾಡ್ ಕೊಡಿ, ಕೆಳಗಿನ ಚಿತ್ರ ಮಸುಕಾಗಿ ಕಾಣುವಂಥದ್ದು. ಕೊನೆಯ ಹಾಳೆಯಿಂದ ಶುರು ಮಾಡಿ ಮೇಲಕ್ಕೆ ಬರೆಯುತ್ತಾ ಬರಲಿ. ಮೊದಲ ದಿನ ಒಂದು ಚೆಂಡು ಬೀಳಿಸಲಿ, ಸಿಂಹ ಆಮೇಲೆ.